ಅಕ್ಕ ಕೇಳಿದ ಒಂದು ಊಟ

ನಾನು ಅಡುಗೆಯವನು. ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ತಾಟು ತೊಳೆಯುವುದರಿಂದ ಶುರು ಮಾಡಿದೆ. ಈಗ ಮೆಲ್ಬರ್ನ್‌ನ ಒಂದು ರೆಸ್ಟೋರೆಂಟಿನ ಒಲೆ ನನ್ನ ಕೈಯಲ್ಲಿದೆ. ಗುರುತಿದ್ದವರು, ಗುರುತಿಲ್ಲದವರು, ಬಿಲ್ಲು ಕೊಡದೆ ಎದ್ದು ಹೋದವರು ಕೂಡ ನಾನು ಮಾಡಿದ್ದನ್ನು ಉಂಡಿದ್ದಾರೆ. ಆದರೆ ನನ್ನ ಅಕ್ಕ, ತನಗೆ ಬೇಕಾದ ಕೆಲವರಿಗೆ ನಿನ್ನ ಮನೆಯಲ್ಲಿ ಒಂದು ಊಟ ಹಾಕು ಎಂದು ಕೇಳಿದಾಗ ನಾನು ಹಾಕಲಿಲ್ಲ. ಆಕೆ ನನ್ನಿಂದ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ನಮ್ಮ ಕನ್ನಡ ಸಂಘದವರು ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ, ಒಂದು ರೆಸಿಪಿಯಾದರೂ ಸಾಕು ಎಂದರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದವನು ನಾನು, ನನ್ನಿಂದ ಬೇರೇನು ಕೇಳಿಯಾರು. ಎಣ್ಣೆಗಾಯಿ ಮಾಡುವ ಬಗೆ ಬರೆಯಲು ಕೂತೆ. ಕೂತರೆ ಅಕ್ಕನೇ ನೆನಪಾಗುತ್ತಾಳೆ. ಆಕೆ ಈ ದೇಶ ಬಿಟ್ಟು ಜೋರ್ಡಾನಿನ ಅಮ್ಮಾನಿಗೆ ಹೋಗಿ ಇನ್ನೂ ಬಹಳ ದಿನವಾಗಿಲ್ಲ. ಆದ್ದರಿಂದ ಇದು ಆಕೆಯ ಬಗ್ಗೆ.

ಹೆಸರು ಬರೆಯುವುದಿಲ್ಲ. ಆಕೆ ತನ್ನ ಮಹಾಪ್ರಬಂಧದಲ್ಲಿ ಒಬ್ಬರ ಹೆಸರನ್ನೂ ಹಾಕಲಿಲ್ಲ. "ಹೆಸರ ಇಲ್ಲದಿದ್ರ ಮನಶಾ ಸುಳ್ಳ ಆಗೂದಿಲ್ಲೋ ತಮ್ಮಾ" ಎನ್ನುತ್ತಿದ್ದಳು. ಹೆಸರು ಬರೆದರೆ ಆಕೆಯ ಜೊತೆ ಮಾತಾಡಿದವರಲ್ಲಿ ಯಾರಿಗಾದರೂ ತೊಂದರೆಯಾದೀತು ಎಂಬ ಎಚ್ಚರ ಆಕೆಗೆ. ನಾನು ಆಕೆಯ ಪದ್ಧತಿಯನ್ನೇ ಹಿಡಿಯುತ್ತೇನೆ.

ಅಕ್ಕ ಸಿಡ್ನಿಯಲ್ಲಿ ಪಿಎಚ್‌ಡಿ ಮಾಡಿದಳು. ವಿಷಯ, ಪ್ಯಾಲೆಸ್ಟೈನ್ ಜನರ ಬದುಕಿನಲ್ಲಿ ಆರೋಗ್ಯ, ಹಣಕಾಸು ಮತ್ತು ರಾಜಕೀಯ. ಈ ಸಾಲನ್ನು ಇಷ್ಟು ಬಿಡಿಸಿ ನಾನು ಬರೆಯುತ್ತಿರುವುದು ಇದೇ ಮೊದಲು. ಆಕೆ ಓದುತ್ತಿದ್ದಷ್ಟು ವರ್ಷವೂ ನಾನು ಇದನ್ನು ತುಂಡು ಮಾಡಿ ಹಂಚಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಕೇಳಿದರೆ "ಹೆಲ್ತ್" ಎಂದೆ. ಬ್ಯಾಂಕು, ಸಾಫ್ಟ್‌ವೇರಿನವರು ಕೇಳಿದರೆ "ಫೈನಾನ್ಸ್" ಎಂದೆ. ರಾಜಕೀಯ ಎಂದು ಯಾರಿಗೂ ಹೇಳಲಿಲ್ಲ. ಪ್ಯಾಲೆಸ್ಟೈನ್ ಎಂಬ ಮಾತು ನನ್ನ ಬಾಯಿಂದ ಮನೆಯ ಹೊಸ್ತಿಲು ದಾಟಲಿಲ್ಲ.

ಆಕೆಗೆ ಈ ವಿಷಯ ಹತ್ತಿದ್ದು ಎಲ್ಲಿ ಎಂದು ನನಗೆ ಗೊತ್ತು. ಅವ್ವನಿಗೆ ಹೊಟ್ಟೆಯ ಆಪರೇಷನ್ ಆಗಬೇಕಿದ್ದಾಗ ನಾವಿಬ್ಬರೂ ಸಣ್ಣವರು. ಅಪ್ಪ ಓಣಿಯ ಎಸ್‌ಟಿಡಿ ಬೂತಿಗೆ ಹೋದ. ನಾವೂ ಬೆನ್ನು ಹತ್ತಿದೆವು. ಅಪ್ಪ ಡಾಕ್ಟರಿಗೆ ಫೋನ್ ಮಾಡಲಿಲ್ಲ. ಮೊದಲು ವಾರ್ಡಿನ ಮೆಂಬರನಿಗೆ ಮಾಡಿದ, ದೊಡ್ಡಾಸ್ಪತ್ರೆಯಲ್ಲಿ ಒಂದು ಕಾಟು ಕೊಡಿಸಿರಿ ಎಂದು. ಆಮೇಲೆ ತಾನು ದುಡಿಯುತ್ತಿದ್ದ ಅಂಗಡಿಯ ಸಾವುಕಾರನಿಗೆ. ಡಾಕ್ಟರು ಎಲ್ಲರಿಗಿಂತ ಹಿಂದೆ. ನನಗೆ ಆಗ ಕಂಡದ್ದು ಬೂತಿನ ಬರಣಿಯಲ್ಲಿದ್ದ ಪೆಪ್ಪರಮಿಂಟು. ಅಕ್ಕನಿಗೆ ಕಂಡದ್ದು ಅಪ್ಪ ಯಾವ ಸರತಿಯಲ್ಲಿ ನಂಬರು ತಿರುಗಿಸಿದ ಎಂಬುದು.

ಮುಂದೆ ಆಕೆಯ ಇಡೀ ಸಂಶೋಧನೆ ಒಂದು ಪ್ರಶ್ನೆಯ ಮೇಲೆ ನಿಂತಿತು. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಮೊದಲು ಯಾರಿಗೆ ಫೋನ್ ಮಾಡುತ್ತೀರಿ? ಎಷ್ಟು ದುಡ್ಡಿದೆ, ಯಾವ ಪಕ್ಷ ಎಂದೆಲ್ಲ ಆಕೆ ಕೇಳುತ್ತಲೇ ಇರಲಿಲ್ಲ. ಆ ಪ್ರಶ್ನೆಗೆ ಒಬ್ಬರು, ದುಬೈಯಲ್ಲಿ ದುಡಿಯುವ ತಮ್ಮನಿಗೆ ಎನ್ನುತ್ತಾರೆ. ಇನ್ನೊಬ್ಬರು, ಚೆಕ್‌ಪೋಸ್ಟ್ ದಾಟಿ ದೊಡ್ಡ ಆಸ್ಪತ್ರೆಗೆ ಹೋಗಲು ಪರವಾನಗಿ ಮಾಡಿಸಿಕೊಡುವವನಿಗೆ ಎನ್ನುತ್ತಾರೆ. ಮತ್ತೊಬ್ಬರು, ಬಳೆ ಅಡವಿಡಲು ಅಕ್ಕಸಾಲಿಗನಿಗೆ ಎನ್ನುತ್ತಾರೆ. "ನೋಡು, ಒಂದ ಫೋನಿನಾಗ ಮೂರೂ ಅದಾವ. ಆರೋಗ್ಯ, ರೊಕ್ಕ, ರಾಜಕೀಯ. ನಾ ಬಿಡಿಸಿ ಬರೀಬೇಕು ಅಷ್ಟ" ಎಂದಿದ್ದಳು.

ನನ್ನ ಮಗಳು ಒಮ್ಮೆ ಕೇಳಿದಳು, "ಅತ್ತೆ, ನೀವು ಡಾಕ್ಟರ್ ಆದ್ರೆ ಕ್ಯಾನ್ ಯು ಗಿವ್ ಇಂಜೆಕ್ಷನ್?"

"ಇಂಜೆಕ್ಷನ್ ಕೊಡಾಕ ಬರೂದಿಲ್ಲವಾ. ಇಂಜೆಕ್ಷನ್ನಿನ ರೊಕ್ಕಾ ಯಾರ್ ಕೊಡ್ತಾರ ಅಂತ ಹೇಳಾಕ ಬರತೈತಿ."

"ದಟ್ಸ್ ನಾಟ್ ಎ ಡಾಕ್ಟರ್, ಅತ್ತೆ."

"ನಿಮ್ಮಪ್ಪನೂ ಹಂಗ ಅಂತಾನ" ಎಂದು ಅಕ್ಕ ನಕ್ಕಳು.

ಆಕೆ ಸಿಡ್ನಿಗೆ ಬಂದದ್ದು ಅಲ್ಲಿಂದ ಪ್ಯಾಲೆಸ್ಟೈನಿಗೇ ಹೋಗಿ ಮನೆಮನೆ ಸುತ್ತಬೇಕೆಂದು. ಅಷ್ಟರಲ್ಲಿ ಯುದ್ಧ ಶುರುವಾಗಿ, ಹೋಗುವ ದಾರಿಯೇ ಮುಚ್ಚಿತು. ವಿಷಯ ಬದಲಾಯಿಸು ಎಂದವರು ಬಹಳ ಜನ. ಅವರಲ್ಲಿ ನಾನೂ ಒಬ್ಬ. ಆಕೆ ಕೇಳಲಿಲ್ಲ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಪ್ಯಾಲೆಸ್ಟೈನ್ ಕುಟುಂಬಗಳ ಕಡೆ ತಿರುಗಿದಳು. ಅಲ್ಲಿ ಊರಿನಲ್ಲಿ ಕಾಯಿಲೆ ಬಿದ್ದವರು ಮೊದಲು ಫೋನ್ ಮಾಡುವುದು ಎಷ್ಟೋ ಸಲ ಇವರಿಗೇ. "ಫೋನಿನ ಆ ತುದಿಗೆ ಹೋಗಾಕ ಆಗಲಿಲ್ಲ, ಈ ತುದಿಗೆ ಕುಂಡ್ರತೀನಿ" ಎಂದು ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲಿನಲ್ಲಿ ಒಂದು ರೂಮು ಹಿಡಿದಳು. ಅಡುಗೆಮನೆ ನಾಲ್ಕಾರು ಜನರ ಪಾಲಿನದು. ಹೊರಗಿನವರನ್ನು ಕರೆಯುವಂತಿಲ್ಲ ಎಂದು ಮಾಲೀಕ ಗೋಡೆಗೆ ಚೀಟಿ ಅಂಟಿಸಿದ್ದ.

ಆಕೆಯ ಕೆಲಸದ ರೀತಿ ನೋಡಿದರೆ ಯಾರೂ ಸಂಶೋಧನೆ ಎನ್ನುತ್ತಿರಲಿಲ್ಲ. ಕಾಟನ್ ಕುರ್ತಾ, ಕಾಲಿಗೆ ಓಟದ ಬೂಟು, ಹೆಗಲ ಚೀಲದಲ್ಲಿ ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಮೊದಲ ಸಲ ಹೋದಾಗ ಬರೀ ಉಂಡು ಬರುವಳು. ಮುಂದಿನ ಸಲ ಆ ಮನೆಯವರ ಜೊತೆ ಅಡುಗೆಗೆ ನಿಲ್ಲುವಳು. ಆಮೇಲೆಯೇ ರೆಕಾರ್ಡರು ಹೊರಗೆ ಬರುವುದು. ಕೇಳುವಾಗ ಕೈಗೆ ಏನಾದರೂ ಕೆಲಸ ಬೇಕು, ಬೆಳ್ಳುಳ್ಳಿ ಸುಲಿಯುವುದು, ಸೊಪ್ಪು ಬಿಡಿಸುವುದು, ಹೀಗೆ. ಯಾಕೆಂದು ಕೇಳಿದ್ದಕ್ಕೆ, "ಮಾರಿ ನೋಡಿಕೋತ ಕೇಳಿದ್ರ ಮಂದಿ ಉತ್ತರಾ ಕೊಡ್ತಾರ. ಬಳ್ಳೊಳ್ಳಿ ಸುಲಕೋತ ಕೇಳಿದ್ರ ಮಾತಾಡ್ತಾರ" ಎಂದಳು. ಒಬ್ಬ ಮುದುಕಿ ಹಾಗೆ ಮಾತಾಡುತ್ತ, ನಾನು ಮೊದಲು ಫೋನ್ ಮಾಡುತ್ತಿದ್ದವನು ಈಗ ಎತ್ತುವುದಿಲ್ಲ ಎಂದಳಂತೆ. ಇದನ್ನು ಹೇಳಿದ ದಿನ ಅಕ್ಕ ನನ್ನ ಮನೆಯ ಬೆಳ್ಳುಳ್ಳಿಯನ್ನೆಲ್ಲ ಸುಲಿದಿಟ್ಟಿದ್ದಳು. ಮರುದಿನ ಎದ್ದು ಮತ್ತೆ ಕೆಲಸಕ್ಕೆ ಹೋದಳು.

ಇನ್ನೊಂದು ನೇಮ ಇತ್ತು. ತಾನು ಯಾರ ಮನೆಯಲ್ಲಿ ಉಂಡಳೋ ಅವರು ತನ್ನ ಕೈಯಲ್ಲಿ ಒಮ್ಮೆ ಉಣ್ಣುವವರೆಗೆ ಆ ಮಾತುಕತೆ ಮುಗಿದ ಹಾಗಲ್ಲ. ಸಿಡ್ನಿಯವರಿಗೆ ನದಿಯ ದಂಡೆಯ ಪಾರ್ಕಿನಲ್ಲಿ ಚಾದರ ಹಾಸಿ ರೊಟ್ಟಿ, ಪಲ್ಯ ಬಡಿಸಿದಳು. ಉಳಿದವರು ಮೆಲ್ಬರ್ನಿನವರು. ಇಲ್ಲಿಗೆ ಬಂದಾಗ ಆಕೆ ಉಳಿಯುತ್ತಿದ್ದುದು ಕ್ಲೈಡ್ ನಾರ್ತ್‌ನ ನನ್ನ ಮನೆಯಲ್ಲಿ. ಇಲ್ಲಿ ಆಕೆಗೆ ನನ್ನ ಮನೆ ಬಿಟ್ಟರೆ ಬೇರೆ ಒಲೆ ಇರಲಿಲ್ಲ.

ಒಂದು ದಿನ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಆಕೆ ಪಕ್ಕದಲ್ಲಿ ನಿಂತು ಕೇಳಿದಳು.

"ಬರೂ ಐತವಾರ ಖಾಲಾನ ಮನಿಯವರನ್ನ ಊಟಕ್ಕ ಕರೀಲೇನೋ? ಅಡಿಗಿ ನಾನ ಮಾಡ್ತೀನಿ. ನೀ ಎಣ್ಣೆಗಾಯಿ ಅಷ್ಟ ಮಾಡು."

ಖಾಲಾ ಎಂದರೆ ಇಲ್ಲೇ ಡ್ಯಾಂಡೆನಾಂಗಿನ ಕಡೆ ಮಕ್ಕಳ ಜೊತೆ ಬೇಕರಿ ನಡೆಸುವ, ವಯಸ್ಸಾದ ಪ್ಯಾಲೆಸ್ಟೈನ್ ಹೆಂಗಸು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯಾಕೆಯನ್ನು ಖಾಲಾ ಎಂದೇ ಕರೆಯುತ್ತಿದ್ದೆವು. ಚಿಕ್ಕಮ್ಮನಿಗೆ ಅರಬಿಯಲ್ಲೂ ಅದೇ ಮಾತೆಂದು ತಿಳಿದ ದಿನದಿಂದ ಅಕ್ಕನಿಗೆ ಆಕೆ ಖಾಲಾ ಆಗಿದ್ದಳು.

"ನಮ್ಮ ಮನ್ಯಾಗ ಬ್ಯಾಡಕ್ಕಾ" ಎಂದೆ.

"ಯಾಕ?"

"ನನ್ನ ಪಿಆರ್ ಇನ್ನೂ ಬಂದಿಲ್ಲ" ಎಂದೆ. ಪಿಆರ್ ಎಂದರೆ ಈ ದೇಶದಲ್ಲಿ ಕಾಯಂ ನೆಲೆಸಲು ಸಿಗುವ ಪರವಾನಗಿ.

"ಪಿಆರ್‌ನವರು ಬಂದು ನಿನ್ನ ಮನ್ಯಾಗ ಯಾರು ಉಂಡ್ರು ಅಂತ ತಾಟ ನೋಡ್ತಾರೇನು?"

"ನಿನಗ ಗೊತ್ತಾಗೂದಿಲ್ಲ. ಆಜುಬಾಜು ಎಲ್ಲಾ ನಮ್ಮವರ ಅದಾರ. ವಾಟ್ಸಾಪ್ ಗ್ರೂಪಿನಾಗ ಈ ಯುದ್ಧದ ಸಲುವಾಗಿ ಹೆಂಗ ಜಗಳಾಡ್ತಾರ ನೋಡೀಯಲ್ಲ. ನಾಳೆ ನನ್ನ ಮಾಲಕನ ಕಿವಿಗೆ ಬಿದ್ರ?"

ಆಕೆ ಮೊದಲು ನಕ್ಕಳು. ನಾನು ತಲೆ ಎತ್ತಲಿಲ್ಲ. ಆಮೇಲೆ "ಆತು ಬಿಡು" ಎಂದಳು. ನನ್ನ ವೀಸಾ ಅರ್ಜಿಗಳನ್ನು ಮೊದಲಿನಿಂದ ಕೊನೆಯವರೆಗೆ ತುಂಬಿದವಳು ಅದೇ ಅಕ್ಕ. ಅದನ್ನು ಆಕೆ ಅಂದು ಎತ್ತಿ ಆಡಬಹುದಿತ್ತು, ಆಡಲಿಲ್ಲ. ಉಳಿದ ಈರುಳ್ಳಿಯನ್ನು ತಾನೇ ಹೆಚ್ಚಿ ಕೊಟ್ಟಳು.

ನನ್ನ ಹೆಂಡತಿ ಆ ರಾತ್ರಿ ಇಷ್ಟೇ ಅಂದಳು, "ಹೊಟೆಲಿನ್ಯಾಗ ಯಾರ್ ಬಂದ್ರೂ ಉಣಸ್ತೀರಿ. ನಿಮ್ಮ ಅಕ್ಕಾರ ಮಂದಿಗಿ ಪಾಸ್‌ಪೋರ್ಟ್ ಕೇಳ್ತೀರಿ."

ಪಿಆರ್ ಬಂತು. ಆಗಲೂ ಕರೆಯಲಿಲ್ಲ. ಮನೆಯ ಸಾಲದ, ಮಾರ್ಟ್‌ಗೇಜಿನ ಚಿಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಸಲ ಬೇಡ ಎಂದವನಿಗೆ ಮುಂದೆ ಬೇಡ ಎನ್ನಲು ಕಾರಣಗಳು ತಾವಾಗಿಯೇ ಸಿಗುತ್ತವೆ.

ಮಗಳ ಹುಟ್ಟುಹಬ್ಬಕ್ಕೆ ನಮ್ಮ ಕನ್ನಡದವರನ್ನೆಲ್ಲ ಕರೆದಿದ್ದೆ. ಅಕ್ಕನೂ ಸಿಡ್ನಿಯಿಂದ ಬಂದಿದ್ದಳು. ಬೆಂಗಳೂರಿನ ಕಡೆಯ ಒಬ್ಬರು ನಮ್ಮ ಬೀದಿಯ ತುದಿಯಲ್ಲಿದ್ದಾರೆ, ಮಕ್ಕಳಿಗೆಲ್ಲ ಅಂಕಲ್. ಅವರು ತಟ್ಟೆ ಹಿಡಿದು ಆಕೆಯ ಹತ್ತಿರ ಹೋದರು.

"ಮೇಡಂ, ನಿಮ್ಮದು ಫೈನಾನ್ಸ್‌ನಲ್ಲಿ ಪಿಎಚ್‌ಡಿ ಅಲ್ವಾ? ನಮ್ಮ ಮಾರ್ಟ್‌ಗೇಜ್ ಬಡ್ಡಿ ಫಿಕ್ಸ್ ಮಾಡ್ಸ್ಲಾ, ವೇರಿಯಬಲ್ಲೇ ಇಟ್ಕೊಳ್ಲಾ? ಸುಮ್ನೆ ನಿಮ್ಮ ಒಪೀನಿಯನ್."

ಅಕ್ಕ ದೂರದಲ್ಲಿದ್ದ ನನ್ನನ್ನು ನೋಡಿದಳು. ನಾನು ಕೇಕಿನ ಕಡೆ ತಿರುಗಿದೆ. ಕಿವಿ ಮಾತ್ರ ಅಲ್ಲೇ ಇತ್ತು.

"ಮನ್ಯಾಗ ಯಾರರ ಜಡ್ಡಿಗಿ ಬಿದ್ರ, ಕೆಲವು ತಿಂಗಳು ಕಂತು ಕಟ್ಟಾಕ ಆಗತೈತೇನ್ರಿ? ಮೊದಲ ಅದನ್ನ ನೋಡ್ರಿ. ಫಿಕ್ಸ್ ಆಮ್ಯಾಲೆ."

ಅಂಕಲ್ ತಟ್ಟೆ ಕೆಳಗಿಟ್ಟು ಬೆರಳೆಣಿಸಿ ಲೆಕ್ಕ ಹಾಕಿದರು. ಹೋಗುವಾಗ ನನ್ನ ಭುಜ ತಟ್ಟಿ, "ಸಿಸ್ಟರ್ ತುಂಬಾ ಪ್ರಾಕ್ಟಿಕಲ್ ರೀ. ನಮ್ಮ ಬ್ರೋಕರ್ ಇದನ್ನ ಒಂದಿನಾನೂ ಕೇಳಿಲ್ಲ" ಎಂದರು. ನನ್ನ ಸುಳ್ಳಿನ ಒಳಗೂ ಆಕೆ ತನ್ನ ವಿಷಯವನ್ನೇ ಮಾತಾಡಿದ್ದಳು. ಪಾತ್ರೆ ತೊಳೆಯುವಾಗ ನನಗೆ, "ನಾ ಫೈನಾನ್ಸ್ ಅಂತ ಯಾವಾಗ ಆದೆನೋ?" ಎಂದು ಕೇಳಿದಳು. ನಗುತ್ತಲೇ ಕೇಳಿದಳು. ನಾನು ನಲ್ಲಿಯನ್ನು ಜೋರಾಗಿ ಬಿಟ್ಟೆ.

ಮುಂದಿನ ವರ್ಷ ಒಂದು ಭಾನುವಾರ ಬೆಳಿಗ್ಗೆ ನನ್ನ ಹೆಂಡತಿಗೆ ಹೊಟ್ಟೆನೋವು ಬಂತು. ನೆಲ ಹಿಡಿದು ಕೂತಳು. ಆಂಬುಲೆನ್ಸಿನಲ್ಲಿ ಬಂದವರು ಅಪೆಂಡಿಕ್ಸ್ ಇರಬಹುದು, ಆಪರೇಷನ್ ಆಗಬೇಕಾದೀತು ಎಂದರು. ನಾನು ಜೊತೆಗೆ ಹೋಗಬೇಕು. ಮಕ್ಕಳಿಬ್ಬರೂ ಅಳುತ್ತಿದ್ದಾರೆ. ಫೋನ್ ಕೈಯಲ್ಲಿ ಹಿಡಿದೆ. ಗ್ರೂಪಿನಲ್ಲಿ ಊರು ತುಂಬ ಹೆಸರುಗಳಿವೆ. ನನ್ನ ಬೆರಳು ಒತ್ತಿದ್ದು ಸಿಡ್ನಿಯಲ್ಲಿದ್ದ ಅಕ್ಕನ ಹೆಸರನ್ನು. ಅಷ್ಟು ದೂರದಿಂದ ಆಕೆ ಏನು ಮಾಡಿಯಾಳು ಎಂದು ಯೋಚಿಸಲೂ ಇಲ್ಲ.

"ನೀ ಆಸ್ಪತ್ರಿಗಿ ನಡಿ. ಬಾಗಲಾ ಮುಂದ ಮಾಡಿಡು, ಕೀಲಿ ಹಾಕಬ್ಯಾಡ. ಹುಡುಗೂರ ಹಂತ್ಯಾಕ ಒಬ್ಬಾಕಿ ಬರ್ತಾಳ" ಎಂದಳು.

ನಾವು ಇನ್ನೂ ಆಂಬುಲೆನ್ಸ್ ಹತ್ತುತ್ತಿರುವಾಗಲೇ ಒಂದು ವ್ಯಾನು ಬಂದು ನಿಂತಿತು. ತಲೆಗೆ ಬಟ್ಟೆ ಸುತ್ತಿದ ಹೆಂಗಸು ಇಳಿದಳು. ತೋಳಿನ ತುಂಬ ಮೈದಾ ಹಿಟ್ಟು. ಬೇಕರಿಯನ್ನು ಹಾಗೇ ಬಿಟ್ಟು ಬಂದಿದ್ದಳು. ನನಗೆ "ಗೋ, ಗೋ" ಎಂದು ಕೈ ಮಾಡಿ, ನನ್ನ ಸಣ್ಣ ಮಗನನ್ನು ಎತ್ತಿಕೊಂಡು ಒಳಗೆ ಹೋದಳು. ಖಾಲಾನನ್ನು ನಾನು ನೋಡಿದ್ದು ಅದೇ ಮೊದಲು.

ಆಪರೇಷನ್ ಸರಿಯಾಯಿತು. ಸಂಜೆ ಮನೆಗೆ ಬಂದರೆ ಮಕ್ಕಳು ಉಂಡು ಕಾರ್ಟೂನ್ ನೋಡುತ್ತಿದ್ದರು. ಒಲೆಯ ಮೇಲೆ ಕೆಂಪು ಬೇಳೆಯ ಸೂಪು, ಜೀರಿಗೆಯ ವಾಸನೆ. ಸಿಂಕಿನಲ್ಲಿ ಒಂದು ಚಮಚವೂ ಇರಲಿಲ್ಲ. ಖಾಲಾ ಕಟ್ಟೆಯನ್ನು ಒರೆಸುತ್ತ, ಅಲಮಾರಿಗಳನ್ನು ಸುತ್ತ ನೋಡಿ ಹೇಳಿದಳು.

"ಕಿಚನ್ ವೆರಿ ನೈಸ್. ರಿಪೇರಿ ಫಿನಿಶ್?"

ನನಗೆ ತಿಳಿಯಲಿಲ್ಲ. ಇದು ಹೊಸ ಬಡಾವಣೆಯ ಹೊಸ ಮನೆ. ಬಿಲ್ಡರ್ ಬಿಟ್ಟುಹೋದ ಅಡುಗೆಮನೆ ಹಾಗೇ ಇದೆ. ಒಂದು ಮೊಳೆಯನ್ನೂ ನಾವು ಹೊಡೆದಿಲ್ಲ.

"ಯುವರ್ ಸಿಸ್ಟರ್ ಸೇ, ಕಿಚನ್ ಬ್ರೋಕನ್. ಸೋ ನೋ ಲಂಚ್." ಆಕೆ ನಕ್ಕಳು. "ಶಿ ವಾಸ್ ವೆರಿ ಸ್ಯಾಡ್ ಫಾರ್ ದಿಸ್ ಕಿಚನ್."

"ಫಿನಿಶ್" ಎಂದೆ. ಆಕೆ ಹೋದ ಮೇಲೆ ಆ ಸೂಪನ್ನು ನಿಂತುಕೊಂಡೇ ಉಂಡೆ. ಉಪ್ಪು, ಖಾರ, ಹುಳಿ ಎಲ್ಲ ಸರಿಯಾಗಿತ್ತು.

ಅಕ್ಕನಿಗೆ ಫೋನ್ ಮಾಡಿ ಕೇಳಿದೆ, "ಅಡಿಗಿಮನಿ ಕೆಟ್ಟೈತಿ ಅಂತ ಸುಳ್ಳ ಹೇಳಿದ್ಯಾ?"

"ಹೂಂ. ನನ್ನ ಪ್ರಬಂಧದಾಗ ಒಂದೂ ಸುಳ್ಳಿಲ್ಲೋ. ನಿನ್ನ ಅಡಿಗಿಮನಿ ಬಗ್ಗೆ ಒಂದ ಹೇಳೀನಿ. ಮತ್ತೇನ್ ಹೇಳ್ಲಿ? ನನ್ನ ತಮ್ಮ ನಿಮಗ ಅಂಜತಾನ ಅಂತ ಹೇಳ್ಲೇನು?"

ಅಷ್ಟು ಹೇಳಿ ಆಕೆ ನನ್ನ ಹೆಂಡತಿಯ ಹೊಲಿಗೆಯ ಬಗ್ಗೆ, ಔಷಧದ ಬಗ್ಗೆ ಕೇಳತೊಡಗಿದಳು. ತಪ್ಪಾಯಿತು ಎಂದು ಆ ದಿನವೇ ಹೇಳಬೇಕಿತ್ತು. ಆದರೆ ಫೋನಿನಲ್ಲಿ ಹೇಳಿದರೆ ಅದು ಆಕೆಗೆ ಮಾತ್ರ ಕೇಳಿಸುತ್ತಿತ್ತು. ನಾನು ಬೇಡ ಎಂದದ್ದು ಮಂದಿಗೆ ಅಂಜಿ, ತಪ್ಪಾಯಿತು ಎನ್ನುವುದೂ ಮಂದಿಯ ಮುಂದೆಯೇ ಆಗಬೇಕಿತ್ತು.

ಆಕೆಯ ಪ್ರಬಂಧ ಪಾಸಾಯಿತು. ಅಮ್ಮಾನಿನಲ್ಲಿ ಅದೇ ಕೆಲಸ ಮುಂದುವರಿಸಲು ಕರೆ ಬಂತು. ಕಾಯಿಲೆಯವರಿಗೆ ದಾರಿ ಹುಡುಕಿಕೊಡುವ ಡಾಕ್ಟರುಗಳ ಜೊತೆ ಕೂತು, ಯಾರ ಫೋನ್ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನೋಡುವ ಕೆಲಸವಂತೆ. "ಈಗ ಫೋನಿನ ಆ ತುದಿಗಿ ಹೊಂಟೀನಿ" ಎಂದು ಫೋನಿನಲ್ಲಿ ಹುಡುಗಿಯ ಹಾಗೆ ಕೂಗಿದಳು. ನಾನು ಹೇಳಿದೆ, "ಹೋಗೂಕಿಂತ ಮೊದಲ ಒಂದ ಐತವಾರ ನಮ್ಮ ಮನಿಗಿ ಬಾ. ಖಾಲಾನ ಮನಿಯವರನ್ನ ಕರೀತೀನಿ. ನಾನ ಕರೀತೀನಿ." "ಬದನಿಕಾಯಿ ಸಣ್ಣೂ ನೋಡಿ ತಗೋ" ಎಂದಳು.

ಅದೇ ಊಟಕ್ಕೆ ಬೀದಿಯ ತುದಿಯ ಅಂಕಲ್ ಮನೆಯವರನ್ನೂ ಕರೆದೆ. ಹೆಂಡತಿ ನನ್ನ ಮುಖ ನೋಡಿ, "ಇಬ್ಬರನ್ನೂ ಒಮ್ಮೆಲೇ?" ಎಂದಳು. ಒಮ್ಮೆಲೇ ಎಂದೆ. ಬೇರೆ ಬೇರೆ ಕರೆದರೆ ಮತ್ತೆ ತುಂಡು ಮಾಡಿ ಹಂಚಿದಂತೆಯೇ.

ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹೋಳಿಗೆ. ಖಾಲಾ, ಆಕೆಯ ಮಗ, ಸೊಸೆ ಬಂದರು. ತಮ್ಮ ಬೇಕರಿಯ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ಕಂಡು ಖಾಲಾ ತೋಳು ಮೇಲೇರಿಸಿ ತಾನೂ ಒಂದು ಬಡಿದಳು. ಅದು ಯಾವ ದೇಶದ ನಕ್ಷೆಯೂ ಅಲ್ಲದ ಆಕಾರವಾಯಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಆಕೆಯೇ.

ಅಂಕಲ್ ಎಣ್ಣೆಗಾಯಿ ಹಾಕಿಸಿಕೊಳ್ಳುತ್ತ ಕೇಳಿದರು, "ಇವ್ರೆಲ್ಲ ಮೇಡಂ ಅವ್ರ ಫೈನಾನ್ಸ್ ಫ್ರೆಂಡ್ಸಾ?"

ಅಕ್ಕ ಬಾಯಿ ತೆರೆದಳು. ನಾನು ಸೌಟು ಎತ್ತಿ ತಡೆದೆ.

"ಫೈನಾನ್ಸ್ ಅಷ್ಟೇ ಅಲ್ಲ ಸಾರ್. ಪ್ಯಾಲೆಸ್ಟೈನ್ ಮಂದಿ ಮನೆಯಾಗ ಯಾರಾದ್ರೂ ಜಡ್ಡಿಗೆ ಬಿದ್ರ ಮೊದಲು ಯಾರಿಗೆ ಫೋನ್ ಮಾಡ್ತಾರ, ರೊಕ್ಕ ಎಲ್ಲಿಂದ ಬರತೈತಿ, ದಾರಿ ಯಾರು ಬಿಡ್ತಾರ, ಅದರ ಮೇಲೆ ನಮ್ಮಕ್ಕ ಪಿಎಚ್‌ಡಿ ಮಾಡ್ಯಾಳ. ಇವರು ಆ ಮಂದಿ."

ಅಂಕಲ್ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಅವರು ಅಕ್ಕನ ಕಡೆ ತಿರುಗಿದರು.

"ನಮ್ಮ ತಂದೆಗೆ ಸ್ಟ್ರೋಕ್ ಆದಾಗ ನಾನು ಇಲ್ಲಿಂದ ಫಸ್ಟ್ ಫೋನ್ ಮಾಡಿದ್ದು ಡಾಕ್ಟರ್‌ಗಲ್ಲ ಮೇಡಂ. ಎಮ್ಮೆಲ್ಲೆ ಪಿಎಗೆ. ಬೆಡ್ ಸಿಗ್ಬೇಕಿತ್ತಲ್ಲ." ಬಿಟ್ಟ ತುತ್ತನ್ನು ಮತ್ತೆ ಎತ್ತಿಕೊಂಡು, "ನಂದೂ ಬರ್ಕೊಳ್ಳಿ" ಎಂದರು.

ಅಕ್ಕ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಖಾಲಾನ ಮಗ ಹೌದು ಹೌದು ಎಂದು ತಲೆಯಾಡಿಸಿ, ತಮ್ಮ ಬೇಕರಿಯ ರೊಟ್ಟಿ ಮುರಿದು ಅಂಕಲ್ ತಟ್ಟೆಗೆ ಹಾಕಿದ. ಮಾತು ಮತ್ತೆ ಶುರುವಾಯಿತು. ನನ್ನ ಅಂಜಿಕೆ ಇಷ್ಟು ವರ್ಷ ಕಾದಿದ್ದ ಜಗಳ ಬರಲೇ ಇಲ್ಲ. ಬಂದಿದ್ದರೂ ಆ ದಿನ ನಾನು ಹೇಳುತ್ತಿದ್ದೆ.

ಇನ್ನೊಂದು ಉಳಿದಿತ್ತು. ಖಾಲಾ ಸೊಸೆಗೆ ಅಡುಗೆಮನೆ ತೋರಿಸುತ್ತ, ನೋಡು, ನಮ್ಮ ಊಟಕ್ಕಾಗಿ ಎಷ್ಟು ಚೆನ್ನಾಗಿ ರಿಪೇರಿ ಮಾಡಿಸಿದ್ದಾರೆ ಎಂದು ಇಂಗ್ಲಿಷಿನಲ್ಲೇ ಹೇಳಿದಳು, ನನಗೂ ಸಂತೋಷವಾಗಲಿ ಎಂದು. ಅಕ್ಕ ತಲೆ ತಗ್ಗಿಸಿದಳು. ಕಟ್ಟೆಯ ಮೇಲೆ ಉಳಿದಿದ್ದ ಬೆಳ್ಳುಳ್ಳಿಗೆ ಕೈ ಹಾಕಿ ಸುಲಿಯತೊಡಗಿದಳು. ಆ ಬೆಳ್ಳುಳ್ಳಿ ಯಾವ ಅಡುಗೆಗೂ ಬೇಕಿರಲಿಲ್ಲ. ಆಕೆ ನನ್ನ ಮುಖ ನೋಡುತ್ತಿರಲಿಲ್ಲ.

ನಾನು ಸೌಟು ಕೆಳಗಿಟ್ಟೆ. ಖಾಲಾನಿಗೆ, ಕಿಚನ್ ಎಂದೂ ಬ್ರೋಕನ್ ಇರಲಿಲ್ಲ, ನಾನು ಹೆದರಿದ್ದೆ, ಸಾರಿ ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಅಂಕಲ್, ಅವರ ಮನೆಯವರು, ನನ್ನ ಮಕ್ಕಳು ಎಲ್ಲರೂ ಕೇಳುವ ಹಾಗೆ ಅಕ್ಕನ ಕಡೆ ತಿರುಗಿದೆ.

"ಅಕ್ಕಾ, ಅಡಿಗಿಮನಿಗಿ ಏನೂ ಆಗಿರಲಿಲ್ಲ. ನೀ ಒಂದ ಊಟಾ ಕೇಳಿದಿ, ನಾ ಅಂಜಿ ಬ್ಯಾಡ ಅಂದೆ. ನೀ ಏನ್ ಓದತೀ ಅನ್ನೂದನ್ನ ಮಂದಿ ಮುಂದ ಮುಚ್ಚಿಟ್ಟೆ. ನನ್ನ ಸಲುವಾಗಿ ನೀ ಸುಳ್ಳ ಹೇಳೂ ಹಂಗ ಮಾಡಿದೆ. ತಪ್ಪಾತು. ಎಲ್ಲಾರ ಮುಂದ ಹೇಳ್ತೀನಿ, ನಂದ ತಪ್ಪಾತು ಅಕ್ಕಾ."